ಒಂಬತ್ತನೆಯ ಪ್ರಶ್ನೆ

ಕಲ್ಲುದೇವನಹಳ್ಳಿಯ ನರಸಮ್ಮ ಆರು ತಿಂಗಳಲ್ಲಿ ನೂರಾ ಹನ್ನೆರಡು ಮಂದಿಗೆ ಎಂಟೆಂಟು ಪ್ರಶ್ನೆ ಕೇಳಿದ್ದಳು. ಒಂಬತ್ತನೆಯದನ್ನು ಮಾತ್ರ ಯಾರಿಗೂ ಕೇಳಿರಲಿಲ್ಲ. ಕೇಳದೆಯೇ ಅಷ್ಟೂ ಹಾಳೆಗಳ ಮೇಲೆ ಆ ಪ್ರಶ್ನೆಯ ಮುಂದೆ ಸೊನ್ನೆ ಸುತ್ತಿದ್ದಳು. ಈ ಸಂಗತಿ ಅವಳಿಗಲ್ಲದೆ ಮತ್ತೊಂದು ನರಪಿಳ್ಳೆಗೂ ತಿಳಿಯದು. ಆದರೆ ಆ ಬುಧವಾರ ಬೆಳಿಗ್ಗೆ ಮಾಗಡಿ ರಸ್ತೆಯ ಬಸ್ಸು ಅವಳನ್ನು ಮಾರ್ಕೆಟ್ಟಿನಲ್ಲಿ ಇಳಿಸುವ ಹೊತ್ತಿಗೆ, ಆ ಸೊನ್ನೆಗಳಲ್ಲಿ ಒಂದು ಎದೆಯ ಮೇಲೆ ಬೀಸುವ ಕಲ್ಲಿನಂತೆ ಕುಳಿತುಬಿಟ್ಟಿತ್ತು. ಅದು ಅವಳ ಗಂಡನ ಅಣ್ಣ ಓಬಳಪ್ಪನ ಹಾಳೆಯ ಸೊನ್ನೆ.

ಓಬಳಪ್ಪನ ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಒಂದು ಕಾಲಕ್ಕೆ ಸುತ್ತಲ ಏಳೂರಿನಲ್ಲಿ ತಮಟೆಯೆಂದರೆ ಓಬಳಪ್ಪನ ತಮಟೆ. ಹುಲ್ಲುರಿಗೆ ಚರ್ಮ ಕಾಯಿಸಿ ಅವನು ಮೊದಲ ಪೆಟ್ಟು ಕೊಟ್ಟನೆಂದರೆ ಹಾಸಿಗೆ ಹಿಡಿದ ಮುದುಕರೂ ಕಾಲು ಕುಣಿಸುತ್ತಿದ್ದರು. ಹೆಂಡತಿ ಹೋದಮೇಲೆ ಮೊದಲು ಅವನ ಬಾಯಿ ನಿಂತಿತು, ಆಮೇಲೆ ಕೈ. ಕಳೆದ ವಾರ ತಮಟೆಯನ್ನು ಬೀದಿಯ ಹುಡುಗರಿಗೆ ಕೊಟ್ಟುಬಿಟ್ಟ. ಮೊನ್ನೆ ತನ್ನ ನಾಲ್ಕು ಕೋಳಿಗಳನ್ನು ನೆರೆಮನೆಯ ಅಕ್ಕಯಮ್ಮನ ಹಿತ್ತಿಲಿಗೆ ಅಟ್ಟಿದ. ಈ ಬೆಳಿಗ್ಗೆ, ಒಗೆದ ಅಂಗಿ ತೊಟ್ಟು, ನರಸಮ್ಮ ಬಸ್ಸಿಗೆ ಕಾಯುತ್ತಿದ್ದ ಅರಳಿಮರದವರೆಗೂ ನಡೆದುಬಂದಿದ್ದ. ಕೈಯಲ್ಲಿ ಬಟ್ಟೆಯ ಒಂದು ಗಂಟು. ಅದರಲ್ಲಿ ತೀರಿಹೋದ ಹೆಂಡತಿಯ ಓಲೆ, ತನ್ನ ರೇಷನ್ ಕಾರ್ಡು.

"ಇದು ನಿನ್ನತ್ರ ಇರ್ಲಿ" ಎಂದ.

"ಯಾಕೆ ಭಾವ?"

"ಇರ್ಲಿ. ನನ್ನತ್ರ ಎಲ್ಲಾದ್ರೂ ಕಳ್ದೋಯ್ತದೆ."

ಮದುವೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ನರಸಮ್ಮ ಭಾವನ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳಲ್ಲ. ಅವನು ಜಗಲಿಯ ಮೇಲಿದ್ದರೆ ಅವಳು ಒಳಗಿರಬೇಕು. ಅವನಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳಿದಂತೆ ಹೇಳಬೇಕು. ಅದು ಅವರ ಕೇರಿಯ ನಡಾವಳಿ. ಅವನ ಹಾಳೆಯ ಎಂಟು ಪ್ರಶ್ನೆಗಳನ್ನೂ ಹಾಗೆಯೇ ಬಾಗಿಲ ಮರೆಯಿಂದ ಕೇಳಿದ್ದಳು. "ಆಯ್ತು ಭಾವ" ಎಂದು ಗಂಟನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂತು. ಓಬಳಪ್ಪ ಇನ್ನೂ ಏನೋ ಹೇಳುವವನಂತೆ ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತಿದ್ದು, ಬಸ್ಸು ಹೊರಟಮೇಲೆ ತಿರುಗಿದ.

ತನಗೆ ಬೇಕಾದ ವಸ್ತುಗಳನ್ನು ಒಂದೊಂದಾಗಿ ಹಂಚುತ್ತ ಬರುವ ಮನುಷ್ಯನ ಮೇಲೆ ಕಣ್ಣಿಟ್ಟಿರಬೇಕು ಎಂದು, ಹಳ್ಳಿಯವರ ಮನಸ್ಸಿನ ಆರೋಗ್ಯ ನೋಡುವ ಬೆಂಗಳೂರಿನ ಟ್ರಸ್ಟಿನ ಯಶೋಧರಾ ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದಳು. ಬಸ್ಸು ತಾವರೆಕೆರೆ ದಾಟುವಾಗ ಆ ಮಾತು ನೆನಪಿಗೆ ಬಂತು. ಇಳಿದು ಹಿಂದಕ್ಕೆ ಹೋಗೋಣವೇ ಎಂದುಕೊಂಡಳು. ಹೋಗಿ ಏನು ಕೇಳುವುದು? ಕೇಳಬೇಕಾದದ್ದು ಆ ಒಂಬತ್ತನೆಯದೇ. ಅದನ್ನು ಕೇಳುವ ನಾಲಿಗೆ ಅವಳಿಗಿರಲಿಲ್ಲ. ಹೀಗೆ ಹಿಂದುಮುಂದು ನೋಡುತ್ತಿರುವಾಗಲೇ ಬೆಂಗಳೂರು ಬಂದಿತ್ತು.

ಟ್ರಸ್ಟಿಗಾಗಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಏಳನೆಯ ತರಗತಿಯವರೆಗೆ ಓದಿದ್ದಳು. ಕೇರಿಯ ಜನ ಅವಳ ಮುಂದೆ ಅಳುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಟ್ರಸ್ಟಿನ ಹಾಳೆಯಲ್ಲಿ ಕಳೆದ ಹದಿನೈದು ದಿನಗಳ ನಿದ್ದೆ, ಊಟ, ದಣಿವು, ಬೇಸರ ಎಲ್ಲವನ್ನೂ ಸೊನ್ನೆಯಿಂದ ಮೂರರವರೆಗೆ ಅಳೆಯಬೇಕಿತ್ತು. ಅಂಕಿಗೆ ಹೆದರುವ ಜನರ ಮುಂದೆ ನರಸಮ್ಮ ಮೂರು ಹುಣಿಸೆಬೀಜ ಇಡುತ್ತಿದ್ದಳು. "ನಿದ್ದೆ ಬರ್ದೇ ಇರೋದು ದಿನಾನೂ ಆದ್ರೆ ಮೂರೂ ನನ್ ಕೈಗೆ ಕೊಡಿ, ಇಲ್ವೇ ಇಲ್ಲ ಅಂದ್ರೆ ಮುಟ್ಬೇಡಿ" ಎನ್ನುವಳು. ಈ ಉಪಾಯವನ್ನು ಚಾಮರಾಜಪೇಟೆಯ ಕಚೇರಿಯವರೂ ಮೆಚ್ಚಿ ಬೇರೆ ಹಳ್ಳಿಗಳಿಗೆ ಕಲಿಸಿದ್ದರು. ಎಂಟು ಮುಗಿಯುತ್ತಲೇ ಅವಳು ಬೀಜಗಳನ್ನು ಸೆರಗಿಗೆ ಸುರಿದುಕೊಂಡು ಎದ್ದುಬಿಡುತ್ತಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಿತು ಎನ್ನುತ್ತಿದ್ದರು. ಬಳೆ ಒಡೆದರೂ ಹೆಚ್ಚಿತು. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುವುದು. ಹೊರಡುವವರು ಹೋಗುತ್ತೇನೆ ಎನ್ನಬಾರದು, ಹೋಗಿಬರುತ್ತೇನೆ ಎನ್ನಬೇಕು. ಅಸ್ತು ದೇವತೆಗಳು ಸೂರಿನ ಮೇಲೆ ಸುಳಿದಾಡುತ್ತಿರುತ್ತಾರೆ, ಯಾವ ಗಳಿಗೆಯಲ್ಲಿ ಅಸ್ತು ಎಂದುಬಿಡುತ್ತಾರೋ ಯಾರಿಗೆ ಗೊತ್ತು? ಹಾಗಿರುವಾಗ ಹೊಸ್ತಿಲೊಳಗೆ ಕುಳಿತು, ಎದುರಿಗಿರುವ ಜೀವಂತ ಮನುಷ್ಯನಿಗೆ ಸಾವಿನ ಮಾತು ಕೇಳುವುದೆಂದರೆ ಅವನ ಮನೆಗೆ ತಾನೇ ಅದನ್ನು ಕರೆದುಕೊಂಡು ಹೋದಂತೆ. ಸೊನ್ನೆ ಬರೆಯುವುದು ಸುಳ್ಳೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಒಂದು ಹರಕೆಯೆಂಬಂತೆ ಬರೆಯುತ್ತಿದ್ದಳು.

ಟ್ರಸ್ಟಿನ ಕಚೇರಿ ಚಾಮರಾಜಪೇಟೆಯ ಐದನೆಯ ಮುಖ್ಯರಸ್ತೆಯ ಒಂದು ಹಳೆಯ ಹೆಂಚಿನ ಮನೆ. ನಡುಮನೆಯಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಅಂದು ವಾರ್ಷಿಕ ಸಭೆ. ನರಸಮ್ಮ ಚಪ್ಪಲಿ ಬಿಡುತ್ತಿದ್ದಂತೆಯೇ ಕಾರ್ಯದರ್ಶಿ ನಾಗಭೂಷಣ್ ಬಾಗಿಲಿಗೆ ಬಂದರು. ಮಲ್ಲೇಶ್ವರದ ಕಾಲೇಜೊಂದರಲ್ಲಿ ಮೂವತ್ತೈದು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಅಂಕಣದಲ್ಲಿ ಒಂದು ಅಂಕಿ ತಪ್ಪಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಬನ್ನಿ ನರಸಮ್ಮ, ಬನ್ನಿ. ಈ ದಿನ ನೀವೇ ಮುಖ್ಯ ಅತಿಥಿ. ಹನ್ನೊಂದು ಹಳ್ಳಿಗಳ ಪೈಕಿ ಒಂಬತ್ತನೆಯ ಅಂಕಣದಲ್ಲಿ ಪೂರ್ತಿ ಸೊನ್ನೆ ಇರುವುದು ನಿಮ್ಮ ಹಳ್ಳಿಯೊಂದರಲ್ಲೇ!"

"ಸಾರ್..."

"ಮೊದಲು ಉಪ್ಪಿಟ್ಟು ತಗೊಳ್ಳಿ. ಆಮೇಲೆ ಮಾತು."

ಒಳಗೆ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದ ಮಾಯಣ್ಣ ಅವಳನ್ನು ಕಂಡು ಬಾಯಿತುಂಬ ನಕ್ಕ. ನಿವೇಶನಗಳ ವ್ಯವಹಾರದಲ್ಲಿ ಚೆನ್ನಾಗಿ ಕುದುರಿಕೊಂಡವನು. ಟ್ರಸ್ಟಿನ ಖರ್ಚು ಬಹುಪಾಲು ಅವನದೇ. ಹುಟ್ಟಿದ್ದು ಕುಣಿಗಲ್ ಕಡೆಯ ಹಳ್ಳಿಯಲ್ಲಿ.

"ಏನಮ್ಮಾ, ಊರಿನೋರ್ ಮನಸ್ಸೆಲ್ಲ ರಿಪೇರಿ ಮಾಡ್ಬಿಟ್ಟಿದೀಯಂತೆ! ನಮ್ ಮನೇಗೂ ಒಂದ್ಸಲ ಬಂದ್ಬಿಡು. ನನ್ ಹೆಂಡ್ತಿಗೆ ನನ್ ಮುಖ ನೋಡಿದ್ರೆ ಸಿಟ್ಟು, ನನಗೆ ನನ್ ಮುಖ ನೋಡ್ಕೊಂಡ್ರೆ ಬೇಜಾರು."

ಸುತ್ತ ಇದ್ದವರು ನಕ್ಕರು. ನರಸಮ್ಮನಿಗೂ ತುಟಿ ಬಿರಿಯಿತು. ಉಪ್ಪಿಟ್ಟು ಹಾಕಿಸಿಕೊಂಡಳು. ತಟ್ಟೆ ಹಿಡಿದು ಹಿತ್ತಿಲಿಗೆ ಹೋದಳು. ಅಲ್ಲಿ ಯಶೋಧರಾ ಫೋನು ನೋಡುತ್ತ ನಿಂತಿದ್ದಳು. ಶೇಷಾದ್ರಿಪುರದ ರೈಲ್ವೆ ವಸತಿಯಲ್ಲಿ ಬೆಳೆದ ಹುಡುಗಿ. ಅಜ್ಜಿಯ ಊರು ನರಸಮ್ಮನ ಕೇರಿಯಂಥದ್ದೇ ಒಂದು ಕೇರಿ. ಓದಿಕೊಂಡು ಆಪ್ತಸಮಾಲೋಚಕಿಯಾಗಿದ್ದಳು, ಆದರೂ ಕಲ್ಲುದೇವನಹಳ್ಳಿಯಲ್ಲಿ ನೆಲದ ಮೇಲೆಯೇ ಕೂರುತ್ತಿದ್ದಳು.

"ನರಸಕ್ಕ, ವಿಷಯ ಗೊತ್ತಾಯ್ತಾ? ಇನ್ಮೇಲೆ ನಾನು ನಿಮ್ಮೂರಿಗೆ ಬರಲ್ಲ."

"ಯಾಕವ್ವಾ?"

"ನಿಮ್ಮೂರು ಆಯ್ತಂತೆ. ಸೊನ್ನೆ ಬಂದಿರೋ ಊರಿಗೆ ಇನ್ನೇನ್ ಕೆಲಸ ಅಂತ ಸಾರ್ ವಾದ. ನನ್ನ ಮಂಗಳವಾರನ ಇನ್ನೊಂದು ಹಳ್ಳಿಗೆ ಬರ್ಕೊಂಡಿದಾರೆ. ಇವತ್ತೇ ತೀರ್ಮಾನ." ಯಶೋಧರಾ ಫೋನನ್ನು ಚೀಲಕ್ಕೆ ಹಾಕಿ ಅವಳನ್ನು ನೇರವಾಗಿ ನೋಡಿದಳು. "ಅಕ್ಕ, ನಿಜವಾಗ್ಲೂ ಎಲ್ಲಾರ್ದೂ ಸೊನ್ನೆನಾ?"

"ಊಂ" ಎಂದಳು ನರಸಮ್ಮ.

"ಸರಿ ಬಿಡಿ" ಎಂದಳು ಯಶೋಧರಾ. ಅವಳ ದನಿಯಲ್ಲಿ ನಂಬಿಕೆಯೂ ಇರಲಿಲ್ಲ, ಗದರಿಕೆಯೂ ಇರಲಿಲ್ಲ. ಒಳಗಿನಿಂದ ಪ್ರಾರ್ಥನೆಯ ದನಿ ಕೇಳಿತು.

ನಾಗಭೂಷಣ್ ವರದಿ ಓದುವ ಬಗೆ ವೇದಘೋಷದಂತಿರುತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಸಾಗಿ ಕೊನೆಗೆ ಕಲ್ಲುದೇವನಹಳ್ಳಿಗೆ ಬಂದರು. ಪರದೆಯ ಮೇಲೆ ಸಾಲಾಗಿ ಸೊನ್ನೆಗಳು ಮೂಡಿದವು. ಜನ ಚಪ್ಪಾಳೆ ತಟ್ಟಿದರು. ಆ ಸಾಲಿನಲ್ಲಿ ಭಾವನದು ಎಷ್ಟನೆಯದೋ ನರಸಮ್ಮನಿಗೆ ತಿಳಿಯಲಿಲ್ಲ. ಎಲ್ಲವೂ ಒಂದೇ ತರಹ ದುಂಡಗೆ, ಬಾಯಿ ತೆರೆದುಕೊಂಡು ಕೂತಿದ್ದವು. ಈ ಹೊತ್ತಿಗೆ ಊರಿನಲ್ಲಿ ಬಿಸಿಲು ಏರಿರುತ್ತದೆ. ಕೇರಿಯವರೆಲ್ಲ ಕೂಲಿಗೆ ಹೋಗಿರುತ್ತಾರೆ. ಒಗೆದ ಅಂಗಿ ತೊಟ್ಟ ಮನುಷ್ಯ ಮನೆಯೊಳಗೆ ಒಬ್ಬನೇ ಇರುತ್ತಾನೆ.

ಶಾಲು ಹೊದಿಸಿದರು. ಮೈಸೂರು ಪೇಟ ಅವಳ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೂ ಜಾರಿತು. ಹಣ್ಣಿನ ಬುಟ್ಟಿ ಕೈಗಿತ್ತು, "ಎರಡು ಮಾತಾಡಿ" ಎಂದು ನಾಗಭೂಷಣ್ ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ತಗ್ಗಿಸಿದರು.

ನರಸಮ್ಮ ಪೇಟವನ್ನು ತೆಗೆದು ಬುಟ್ಟಿಯ ಮೇಲಿಟ್ಟಳು.

"ನಾನು ಕೇಳ್ಲೇ ಇಲ್ಲ ಸಾರ್" ಎಂದಳು.

"ಏನನ್ನು?"

"ಒಂಬತ್ತನೇದು. ಯಾರ್ಗೂ ಕೇಳಿಲ್ಲ. ಸೊನ್ನೆ ನಾನೇ ಬರ್ದೆ."

ನಾಗಭೂಷಣ್ ಪರದೆಯನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿದರು. "ನೂರಾ ಹನ್ನೆರಡಕ್ಕೂ?"

"ಅಷ್ಟಕ್ಕೂವೆ."

"ನರಸಮ್ಮ, ಇದು ಎಂಥ ಅಪರಾಧ ಎಂದು ನಿಮಗೆ ತಿಳಿಯುತ್ತಿದೆಯೇ? ಆ ಪ್ರಶ್ನೆಗಾಗಿಯೇ ಉಳಿದ ಎಂಟು ಪ್ರಶ್ನೆಗಳಿವೆ. ತರಬೇತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆನಲ್ಲ!"

"ಇಲ್ಲ ಸಾರ್" ಎಂದಳು ನರಸಮ್ಮ. ಎದುರು ಹೇಳುವ ಉದ್ದೇಶ ಅವಳಿಗಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. "ಇದೇ ಮನೇಲಿ, ಇದೇ ಕುರ್ಚೀಲಿ ನಾವೆಲ್ಲಾ ಕುಂತಿದ್ವಿ. ಎಂಟರ್ಗಂಟ ನೀವೇ ದೊಡ್ಡದಾಗಿ ಓದಿದ್ರಿ. ಒಂಬತ್ತನೇದು ಬಂತು. 'ಅದೊಂದಿದೆ, ನೀವೇ ನೋಡ್ಕೊಂಡ್ಬಿಡಿ' ಅಂತ ಹಾಳೆ ಮಗುಚಿದ್ರಿ. ನಿಮ್ಮಂತೋರೇ ಬಾಯಲ್ಲಿ ಆಡ್ದೆ ಇರೋ ಮಾತು, ನಾನ್ ಹೆಂಗ್ ಇನ್ನೊಬ್ರ ಮನೇಲಿ ಆಡ್ಲಿ ಅನ್ಕೊಂಡೆ."

ನಾಗಭೂಷಣರ ಕಿವಿ ಕೆಂಪಾಯಿತು. ಮುಂದಿನ ಸಾಲಿನಿಂದ ಮಾಯಣ್ಣ ಕತ್ತು ಚಾಚಿದ. "ಅದೇನಪ್ಪಾ ಅಂಥಾ ಪ್ರಶ್ನೆ? ಓದಿ ಮೇಷ್ಟ್ರೇ, ನಾವೂ ಕೇಳೋಣ."

ನಾಗಭೂಷಣ್ ಕನ್ನಡಕ ಏರಿಸಿ ಹಾಳೆ ಎತ್ತಿಕೊಂಡರು. "ಕಳೆದ ಹದಿನೈದು ದಿನಗಳಲ್ಲಿ, ಬದುಕಿರುವುದಕ್ಕಿಂತ..." ಎಂದು ತೊಡಗಿ ನಿಂತರು. ನಲವತ್ತು ಜನ ಅವರ ಬಾಯನ್ನೇ ನೋಡುತ್ತಿದ್ದರು. ಅವರ ಹೆಂಡತಿ ಎರಡನೆಯ ಸಾಲಿನಲ್ಲಿದ್ದರು. ಮಗಳು ಅಳಿಯ ಇದ್ದರು. ಮನೆಯ ದೇವರಕೋಣೆಯ ಬಾಗಿಲು ಎದುರಿಗೇ ತೆರೆದಿತ್ತು. ಅವರು ನೀರು ಕುಡಿದು ಇನ್ನೊಮ್ಮೆ ತೊಡಗಿದರು, ಅದೇ ಪದಕ್ಕೆ ಬಂದು ಮತ್ತೆ ತಡೆದರು.

"ಸಾಯೋದೇ ಮೇಲು ಅಂತ ನಿಮಗೆ ಅನ್ಸದಾ, ಅಂತ" ಎಂದು ನರಸಮ್ಮ ವಾಕ್ಯವನ್ನು ಮುಗಿಸಿದಳು. ಹಾಳೆ ನೋಡುವ ಅಗತ್ಯ ಅವಳಿಗಿರಲಿಲ್ಲ. "ಪ್ರಾಣ ಕಳ್ಕೋಬೇಕು ಅನ್ಸದಾ, ಎಷ್ಟ್ ದಿನ ಅನ್ಸ್ತು, ಅಂತ."

"ಬಿಡ್ತು ಅನ್ನಮ್ಮ!" ಎಂದು ಮಾಯಣ್ಣ ತನಗರಿವಿಲ್ಲದೆಯೇ ಕೂಗಿದ. ಅವನೊಬ್ಬನೇ ಅಲ್ಲ, ಓದಿದವರು, ಬರೆದವರು, ಹಳ್ಳಿಗಳ ಮನಸ್ಸು ತಿದ್ದಲು ಕೂಡಿದ್ದ ಆ ನಡುಮನೆಯ ಎಂಟು ಹತ್ತು ಬಾಯಿಗಳಿಂದ "ಬಿಡ್ತು, ಬಿಡ್ತು" ಎಂಬ ಪಿಸುಮಾತು ಎದ್ದಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. ನಾಗಭೂಷಣ್ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕುರ್ಚಿಯ ಬೆನ್ನು ಹಿಡಿದುಕೊಂಡರು.

ಯಶೋಧರಾ ಮಾತ್ರ ಎದ್ದು ಮುಂದೆ ಬಂದಿದ್ದಳು. ಸೊನ್ನೆಗಳ ಗೊಡವೆ ಅವಳಿಗಿರಲಿಲ್ಲ. "ನರಸಕ್ಕ, ಆರು ತಿಂಗಳು ಹೇಳ್ದೆ ಇದ್ದೋರು ಇವತ್ತು ಹೇಳಿದ್ರಿ. ಯಾರು? ಯಾರಿಗೆ ಏನಾಗಿದೆ?"

"ನಮ್ ಭಾವ" ಎಂದಳು ನರಸಮ್ಮ. ತಮಟೆ, ಕೋಳಿ, ಓಲೆ, ಕಾರ್ಡು, ಅರಳಿಮರ, ಎಲ್ಲವೂ ನಾಲ್ಕು ಮಾತಿನಲ್ಲಿ ಹೊರಬಂತು.

"ಎಷ್ಟೊತ್ತಿಗೆ ಬಂದಿದ್ರು ಬಸ್‌ಸ್ಟಾಪಿಗೆ?"

"ಏಳೂವರೆ."

ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಯಶೋಧರಾ ಅವಳ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಓಬಳಪ್ಪನಲ್ಲಿ ಫೋನಿರಲಿಲ್ಲ. ನರಸಮ್ಮ ಅಕ್ಕಯಮ್ಮನಿಗೆ ಮಾಡಿದಳು. ಒಂದು ಸಲ ಪೂರ್ತಿ ಬಡಿದುಕೊಂಡು ನಿಂತಿತು. ಎರಡನೆಯ ಸಲ ಬಡಿದುಕೊಳ್ಳುವಾಗ ನರಸಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಏನೇ ನರಸಮ್ಮ? ನಿಮ್ ಭಾವನ ಕೋಳಿ ಹಿಡ್ದೂ ಹಿಡ್ದೂ ಸಾಕಾಯ್ತು ಕಣೇ ನನಗೆ" ಎಂದಿತು ಅಕ್ಕಯಮ್ಮನ ದನಿ.

"ಅತ್ತೆ, ನಮ್ ಭಾವ ಎಲ್ಲವ್ನೆ ನೋಡು. ಓಡು. ಫೋನ್ ಕೈಲೇ ಇಟ್ಕಂಡು ಓಡು."

"ಏನಾಯ್ತೇ?"

"ಓಡು ಅಂದ್ನಲ್ಲಾ!"

ಮುದುಕಿಯ ಏದುಸಿರು, ಚಪ್ಪಲಿಯ ಸದ್ದು, ಎಲ್ಲೋ ಒಂದು ಮೇಕೆ. ಕದ ತಟ್ಟಿದ ಸದ್ದು. ಮತ್ತೆ ತಟ್ಟಿದ ಸದ್ದು. "ಓಬಳಪ್ಪಾ, ಅಗುಳಿ ತೆಗಿ ಮಗಾ." ಆಮೇಲೆ ಮರದ ಅಗುಳಿ ಸರಿದ ಸದ್ದು.

"ಇದಾನೆ ಕಣೇ. ಒಳ್ಗೆ ಕುಂತವ್ನೆ. ಮಾತಾಡು."

ಯಶೋಧರಾ ಮೆಲ್ಲಗೆ, "ನಾನು ಕೇಳ್ಲಾ ಅಕ್ಕ?" ಎಂದಳು.

ನರಸಮ್ಮ ಬೇಡವೆಂದು ತಲೆಯಾಡಿಸಿದಳು. "ನಿಮಗೆ 'ಚೆನ್ನಾಗಿದೀನಿ ತಾಯಿ' ಅಂತಾನೆ. ಹದಿನೈದು ದಿನಕ್ಕೊಂದ್ಸಲ ಅಂಗೇ ಅಂದವ್ನೆ." ಫೋನಿಗೆ ಕೈ ಅಡ್ಡ ಹಿಡಿದು, "ಕೇಳಿದ್ರೆ ನಾನೇ ತಲೆಗ್ ತುಂಬ್ದಂಗ್ ಆಗಲ್ವಾ?" ಎಂದಳು.

"ಇಲ್ಲ ಅಕ್ಕ. ಇದ್ರೆ ಈಗಾಗ್ಲೇ ಅವರೊಳಗೆ ಇದೆ. ಕೇಳಿದ್ರೆ ಇಳಿಸಿಡೋಕೆ ಜಾಗ ಸಿಗುತ್ತೆ. ನೇರವಾಗಿ ಕೇಳಿ. ಬೈಬೇಡಿ, ಆಣೆ ಹಾಕಿಸ್ಬೇಡಿ. ಏನಂದ್ರೂ ಕೇಳಿಸ್ಕೊಳ್ಳಿ."

ನರಸಮ್ಮ ಫೋನನ್ನು ಕಿವಿಗಿಟ್ಟಳು. ಸೆರಗು ತಲೆಯ ಮೇಲಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಭಾವ."

"ಊಂ."

"ಒಂದ್ ಮಾತು ಕೇಳ್ತೀನಿ. ಸಿಟ್ ಮಾಡ್ಕೋಬ್ಯಾಡಿ. ಸತ್ತೋಗ್ಬೇಕು ಅನ್ನಿಸ್ತಾ ಐತಾ ನಿಮಗೆ?"

ಚಾಮರಾಜಪೇಟೆಯ ಆ ಹಿತ್ತಿಲಿನ ಹೆಂಚಿನ ಸೂರನ್ನು ನರಸಮ್ಮ ಕಣ್ಣೆತ್ತಿ ನೋಡಿದಳು. ಅಲ್ಲಿ ಒಂದು ಅಳಿಲು ಬಿಟ್ಟರೆ ಯಾರೂ ಇರಲಿಲ್ಲ.

"ಊಂ" ಎಂದ ಓಬಳಪ್ಪ.

"ಇವತ್ತಾ?"

"ಇವತ್ತೇ ಅನ್ಕೊಂಡಿದ್ದೆ." ಅವನೇ ಮುಂದುವರಿಸಿದ. "ನೀನು ಎಲ್ಲಾರ್ ಮನೆಗೂ ಓಗಿ ಏನೇನೋ ಕೇಳ್ತೀಯ. ಇದ್ನೂ ಕೇಳೀಯೇನೋ ಅಂತ ಮರದ ತಾವ್ಕೂ ಬಂದೆ. ಬಸ್ ಬಂದ್ಬುಡ್ತು."

ನರಸಮ್ಮನಿಗೆ ಅಳು ಒತ್ತಿಕೊಂಡು ಬಂತು. ತುಟಿ ಕಚ್ಚಿದಳು. "ತೆಪ್ಪಾಯ್ತು ಭಾವ. ಈಗ ಕೇಳ್ತಿದೀನಿ. ಹೇಳಿ."

"ಅಕ್ಕಯಮ್ಮ ಅವರ ಪಕ್ಕದಲ್ಲೇ ಕೂತಿರ್ಲಿ, ಒಂದ್ ನಿಮಿಷಾನೂ ಬಿಟ್ಟು ಹೋಗ್ಬಾರ್ದು" ಎಂದು ಯಶೋಧರಾ ಪಿಸುಗುಟ್ಟಿ, ತನ್ನ ಫೋನಿನಿಂದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕರೆ ಮಾಡುತ್ತ ಒಳಗೆ ಓಡಿದಳು. ಮರುಕ್ಷಣವೇ ಮಾಯಣ್ಣ ಕಾರಿನ ಕೀಲಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದ. ಅವನ ಮುಖದಲ್ಲಿ ನಗೆಯ ಗುರುತೇ ಇರಲಿಲ್ಲ.

"ನಡಿಯಮ್ಮ. ಫೋನ್ ಕಟ್ ಮಾಡ್ಬೇಡ. ಹಂಗೇ ಬಂದ್ ಹತ್ಕೋ."

ನಡುಮನೆ ದಾಟುವಾಗ ಜನ ದಾರಿ ಬಿಟ್ಟು ಸರಿದರು. ನಾಗಭೂಷಣ್ ಆಗಲೇ ಗೇಟಿನಾಚೆ ಕಾರಿನ ಬಾಗಿಲು ತೆರೆದು ನಿಂತಿದ್ದರು. ನರಸಮ್ಮ ಒಳಗೆ ಕೂತಾಗ ಅವರು ಬಗ್ಗಿ ಏನೋ ಹೇಳಹೊರಟು, ಅವಳ ಕಿವಿಯಲ್ಲಿದ್ದ ಫೋನು ಕಂಡು ಮೆಲ್ಲಗೆ ಬಾಗಿಲು ಮುಚ್ಚಿದರು. ಯಶೋಧರಾ ಪಕ್ಕಕ್ಕೆ ಹತ್ತಿದಳು. ಕಾರು ಹೊರಟಿತು.

ಸಿರ್ಸಿ ಸರ್ಕಲ್ಲಿನಲ್ಲಿ ವಾಹನಗಳು ಇಂಚಿಂಚು ತೆವಳುತ್ತಿದ್ದವು. ಮಾಯಣ್ಣ ಹಾರನ್ನು ಒತ್ತಿ ಒತ್ತಿ, ಅದು ಫೋನಿನಲ್ಲಿ ಕೇಳಿಸೀತೆಂದು ಕೈ ತೆಗೆದ. ಓಬಳಪ್ಪ ಹೆಂಡತಿಯ ಕೊನೆಯ ದಿನಗಳ ಮಾತು ಎತ್ತಿದ್ದ. ಅವಳು ನೀರು ಕೇಳಿದಾಗ ತಾನು ನಿದ್ದೆಹೋಗಿದ್ದೆ ಎಂದ. ಇದನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುತ್ತಿದ್ದ. ಅಂಥ ಪ್ರತಿ ನಿಲುಗಡೆಯಲ್ಲೂ ನರಸಮ್ಮನ ಜೀವ ಹಾರುತ್ತಿತ್ತು. ಸಮಾಧಾನದ ಮಾತು ಒಂದೂ ಅವಳ ಬಾಯಿಗೆ ಬರಲಿಲ್ಲ. ಕಥೆ ಕೇಳುವವರು ಹೂಂಗುಟ್ಟುವಂತೆ ಹೂಂಗುಟ್ಟಿದಳು, ಅಷ್ಟೇ.

"ಎಲ್ಲಿದ್ದೀಯ?" ಎಂದು ಓಬಳಪ್ಪ ಇದ್ದಕ್ಕಿದ್ದಂತೆ ಕೇಳಿದ.

"ಟೋಲ್‌ಗೇಟ್ ತಾವ್ ಇದೀವಿ ಭಾವ."

"ಇನ್ನೂ ದೂರ ಐತಲ್ಲ."

ಮುಂದಿನ ಗಾಜಿನಾಚೆ ಕೆಂಪು ದೀಪ ಹತ್ತಿತ್ತು. ಅದರ ಮುಂದೆ ಲಾರಿಗಳ ಸಾಲು. ಪಕ್ಕದಲ್ಲಿ ಯಶೋಧರಾ ವೈದ್ಯರಿಗೆ ಊರಿನ ದಾರಿ ವಿವರಿಸುತ್ತಿದ್ದಳು.

"ದೂರ ಐತೆ" ಎಂದಳು ನರಸಮ್ಮ. "ನೀರು ಕೇಳಿದ್ಲು ಅಂದ್ರಲ್ಲ. ಆಮ್ಯಾಕೆ?"